ಸಕ್ಕರೆ ಬದಲಿಗೆ ಆ ಕೃತಕ ಸಿಹಿಯ ಮಾತ್ರೆ ವರ್ಷಗಟ್ಟಲೆ ಹಾಕಿಕೊಂಡರೆ ಏನೂ ಆಗಲ್ವಾ?

ಆಹಾರದ ಬಗ್ಗೆ ಬರೆಯುವವರನ್ನು ಜನ ಬಿಡದೆ ಕೇಳುವ ಪ್ರಶ್ನೆ ಇದು. ಕೇಳುವ ಧಾಟಿ ಮಾತ್ರ ಬೇರೆ ಬೇರೆ. ಒಬ್ಬರು "ಕ್ಯಾನ್ಸರ್ ಬರುತ್ತಂತೆ, ಹೌದಾ?" ಅನ್ನುತ್ತಾರೆ. ಇನ್ನೊಬ್ಬರು "ಡಾಕ್ಟರ್ ಪರವಾಗಿಲ್ಲ ಅಂದರು, ಆದರೂ ಒಳಗೊಳಗೇ ಭಯ" ಅನ್ನುತ್ತಾರೆ. ಕೆಲವರು ಕೇಳುವುದೇ ಇಲ್ಲ. "ಅದೆಲ್ಲ ಕೆಮಿಕಲ್, ಶುದ್ಧ ವಿಷ" ಎಂದು ತೀರ್ಪು ಕೊಟ್ಟು, ನಾನು ತಲೆಯಾಡಿಸಲಿ ಎಂದು ಕಾಯುತ್ತಾರೆ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಜನ ಸಾಮಾನ್ಯವಾಗಿ ಬಳಸುವಷ್ಟು ಬಳಸಿದರೆ ಈ ಕೃತಕ ಸಿಹಿಗಳು (ಸ್ವೀಟ್ನರ್) ವಿಷ ಅಂತ ನಂಬಲು ನನಗೆ ಕಾರಣ ಕಾಣುತ್ತಿಲ್ಲ. ಹಾಗಂತ ಇವುಗಳಿಂದ ಜನ ಬಯಸುವ ಲಾಭ ಪೂರ್ತಿ ಸಿಗುತ್ತದೆ ಅಂತಲೂ ಹೇಳಲಾರೆ. ಕೇಳಿದವರಿಗೆ ನಾನು ತಿರುಗಿ ಒಂದು ಪ್ರಶ್ನೆ ಹಾಕುತ್ತೇನೆ: ಯಾವುದರ ಬದಲಿಗೆ ಹಾಕಿಕೊಳ್ಳುತ್ತಾ ಇದ್ದೀರಿ? ಅರ್ಧ ಉತ್ತರ ಅಲ್ಲೇ ಇರುತ್ತದೆ.

ಕೃತಕ ಸಿಹಿ ಅಂದರೆ ಒಂದೇ ಪದಾರ್ಥ ಅಲ್ಲ. ಸ್ಯಾಕರಿನ್, ಆಸ್ಪರ್ಟೇಮ್, ಸುಕ್ರಲೋಸ್, ಅಸೆಸಲ್ಫೇಮ್‌-ಕೆ, ಸ್ಟೀವಿಯಾ, ಎರಿಥ್ರಿಟಾಲ್ ಹೀಗೆ ಹಲವು. ಸಿಹಿ ಅನ್ನುವುದೊಂದು ಬಿಟ್ಟರೆ ಇವುಗಳಲ್ಲಿ ಹೆಚ್ಚಿನವಕ್ಕೆ ಒಂದಕ್ಕೊಂದು ನಂಟಿಲ್ಲ. ಕೆಲವು ಹೊಟ್ಟೆಯಲ್ಲೇ ಒಡೆದುಹೋಗುತ್ತವೆ, ಕೆಲವು ರಕ್ತಕ್ಕೆ ಸೇರಿ ಮೂತ್ರದಲ್ಲಿ ಹೋಗುತ್ತವೆ, ಕೆಲವು ಬಂದಂತೆಯೇ ಕರುಳು ದಾಟುತ್ತವೆ. ಹಾಗಾಗಿ "ಸ್ವೀಟ್ನರ್ ಒಳ್ಳೆಯದಾ ಕೆಟ್ಟದ್ದಾ" ಎಂದು ಎಲ್ಲವನ್ನೂ ಸೇರಿಸಿ ಕೇಳಿದರೆ ಉತ್ತರ ಹೇಳುವುದೇ ಕಷ್ಟ.

ಲ್ಯಾಬಿನಲ್ಲಿ ಹುಟ್ಟಿ ಬಳಕೆಗೆ ಬಂದವುಗಳಲ್ಲಿ ಎಲ್ಲಕ್ಕಿಂತ ಹಳೆಯದು ಸ್ಯಾಕರಿನ್. ಈ ಭಯದ ಕಥೆಯೂ ಅಲ್ಲಿಂದಲೇ ಶುರು. 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಕಾನ್‌ಸ್ಟಂಟಿನ್ ಫಾಲ್‌ಬರ್ಗ್ ಎಂಬ ವಿಜ್ಞಾನಿ ಕಲ್ಲಿದ್ದಲಿನ ಟಾರಿನಿಂದ ತೆಗೆದ ರಾಸಾಯನಿಕಗಳ ಮೇಲೆ ಕೆಲಸ ಮಾಡುತ್ತಿದ್ದರು. ಸಂಜೆ ಕೈ ತೊಳೆಯದೆ ಊಟಕ್ಕೆ ಕೂತರು. ಬ್ರೆಡ್ ಸಿಹಿ ಹತ್ತಿತು. ಬೆರಳು ನೆಕ್ಕಿ ನೋಡಿದರೆ ಅದೂ ಸಿಹಿ. 1937ರಲ್ಲಿ ಸೈಕ್ಲಮೇಟ್, 1965ರಲ್ಲಿ ಆಸ್ಪರ್ಟೇಮ್ ಸಿಕ್ಕಿದ್ದೂ ಹೆಚ್ಚುಕಡಿಮೆ ಹೀಗೇ, ಕೈಗಂಟಿದ್ದು ಬಾಯಿಗೆ ಹೋಗಿ. ಇವತ್ತು ಲ್ಯಾಬಿನಲ್ಲಿ ಹೀಗೆ ಮಾಡಿದರೆ ಕೆಲಸ ಉಳಿಯಲ್ಲ ಬಿಡಿ.

"ಇದು ಸುರಕ್ಷಿತವಾ?" ಅನ್ನುವ ಜಗಳ 1908ರ ಹೊತ್ತಿಗಾಗಲೇ ಶುರುವಾಗಿತ್ತು. ಅಮೆರಿಕದ ಆಹಾರ ಅಧಿಕಾರಿ ಹಾರ್ವಿ ವೈಲಿ ಸ್ಯಾಕರಿನ್ ನಿಷೇಧಿಸಬೇಕು ಎಂದರು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್‌ಗೆ ಸಿಟ್ಟು ಬಂತು, ಯಾಕೆಂದರೆ ಅವರ ಡಾಕ್ಟರ್ ಅದನ್ನೇ ಅವರಿಗೆ ದಿನಾ ಕೊಡುತ್ತಿದ್ದರು. ಆಮೇಲೆ ಮಹಾಯುದ್ಧಗಳಲ್ಲಿ ಸಕ್ಕರೆ ಸಿಗದೆ ಹೋದಾಗ ಸ್ಯಾಕರಿನ್ ಬಳಕೆ ಏರಿತು.

1970ರ ದಶಕದಲ್ಲಿ ಇಲಿಗಳ ಸುದ್ದಿ ಬಂತು. ತಿನ್ನುವ ಆಹಾರದಲ್ಲಿ ಶೇ 5ರಷ್ಟು ಸ್ಯಾಕರಿನ್ ಬೆರೆಸಿ ತಿನ್ನಿಸಿದ ಗಂಡು ಇಲಿಗಳಿಗೆ ಮೂತ್ರಕೋಶದ ಗೆಡ್ಡೆ ಬಂದವು. 1977ರಲ್ಲಿ ಕೆನಡಾ ನಿಷೇಧದ ದಾರಿ ಹಿಡಿಯಿತು. ಅಮೆರಿಕ ಪ್ಯಾಕೆಟ್ ಮೇಲೆ ಎಚ್ಚರಿಕೆ ಹಾಕಿಸಿತು. "ಕ್ಯಾನ್ಸರ್ ಬರುತ್ತಂತೆ" ಅನ್ನುವ ಮಾತು ಜನರ ಮನಸ್ಸಿನಲ್ಲಿ ಬೇರೂರಿದ್ದು ಆಗ. ಮುಂದೆ ಏನಾಯಿತು ಅನ್ನುವುದು ಅಷ್ಟು ಜನಕ್ಕೆ ಗೊತ್ತಾಗಲೇ ಇಲ್ಲ. ಗಂಡು ಇಲಿಯ ಮೂತ್ರವೇ ಬೇರೆ ಥರದ್ದು. ಅದರಲ್ಲಿ ಪ್ರೋಟೀನ್ ಮತ್ತು ಕ್ಯಾಲ್ಸಿಯಂ ಫಾಸ್ಫೇಟ್ ಜಾಸ್ತಿ. ಸ್ಯಾಕರಿನ್ ವಿಪರೀತವಾದಾಗ ಅಲ್ಲಿ ಸಣ್ಣ ಗಟ್ಟಿ ಕಣಗಳು ಕಟ್ಟಿ, ಮೂತ್ರಕೋಶದ ಒಳಪದರಕ್ಕೆ ಪೆಟ್ಟು ಕೊಡುತ್ತವೆ. ಆ ಗಾಯ ಮತ್ತೆ ಮತ್ತೆ ಮಾಯುತ್ತಾ ಗೆಡ್ಡೆಯಾಗುತ್ತದೆ. ಮನುಷ್ಯರಲ್ಲಿ ಇದು ನಡೆಯುವುದಿಲ್ಲ. 2000ದಲ್ಲಿ ಅಮೆರಿಕ ಕ್ಯಾನ್ಸರ್‌ಕಾರಕಗಳ ಪಟ್ಟಿಯಿಂದ ಸ್ಯಾಕರಿನ್ ತೆಗೆಯಿತು, ಪ್ಯಾಕೆಟ್ ಮೇಲಿನ ಎಚ್ಚರಿಕೆಯೂ ಹೋಯಿತು. 2024ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ದಿನದ ಮಿತಿಯನ್ನು ದೇಹತೂಕದ ಪ್ರತಿ ಕಿಲೋಗೆ 5 ಮಿಲಿಗ್ರಾಂನಿಂದ 9ಕ್ಕೆ ಏರಿಸಿತು. ಭಯ ಹರಡುವಷ್ಟು ಬೇಗ ಸಮಾಧಾನ ಹರಡುವುದಿಲ್ಲ, ಅಲ್ವಾ?

ಆಸ್ಪರ್ಟೇಮ್ ವಿಷಯದಲ್ಲಿ ಗೊಂದಲ ಇನ್ನೂ ತಾಜಾ. 2023ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಐಎಆರ್‌ಸಿ ಅದನ್ನು "ಬಹುಶಃ ಕ್ಯಾನ್ಸರ್ ತರಬಹುದು" ಅನ್ನುವ 2ಬಿ ಗುಂಪಿಗೆ ಹಾಕಿತು. ಅದೇ ದಿನ, ಅದೇ ಸಂಸ್ಥೆಯ ಇನ್ನೊಂದು ತಜ್ಞರ ಸಮಿತಿ, ದಿನದ ಮಿತಿ ಬದಲಿಸಲು ಕಾರಣ ಇಲ್ಲ ಎಂದಿತು. ಎರಡನ್ನೂ ಓದಿದವರು ತಲೆ ಕೆರೆದುಕೊಂಡರು. ವಿಷಯ ಇಷ್ಟೇ: ಒಂದು ಹಾವು ವಿಷದ್ದಾ ಅಂತ ಹೇಳುವುದು ಬೇರೆ, ಅದು ನಿಮ್ಮನ್ನು ಕಚ್ಚುತ್ತದಾ ಅಂತ ಹೇಳುವುದು ಬೇರೆ. ಐಎಆರ್‌ಸಿ ಮೊದಲನೆಯದನ್ನಷ್ಟೇ ನೋಡುತ್ತದೆ, ಎಷ್ಟು ತಿಂದರೆ ಅನ್ನುವ ಲೆಕ್ಕ ಅದರ ಕೆಲಸವಲ್ಲ. ಅಂದಹಾಗೆ, ಲೋಳೆಸರದ ಇಡೀ ಎಲೆಯ ಸಾರವೂ 2ಬಿ ಗುಂಪಿನಲ್ಲೇ ಇದೆ. ಮದ್ಯ, ತಂಬಾಕು ಎರಡೂ ಅನುಮಾನಕ್ಕೆ ಎಡೆಯಿಲ್ಲದ ಮೊದಲ ಗುಂಪಿನಲ್ಲಿವೆ.

ಎಷ್ಟು ಅನ್ನುವುದನ್ನು ಒಮ್ಮೆ ಕೂತು ಲೆಕ್ಕ ಹಾಕೋಣ. ಆ ಸಮಿತಿಯ ಮಿತಿ ಕಿಲೋಗೆ 40 ಮಿಲಿಗ್ರಾಂ. 60 ಕಿಲೋ ತೂಗುವವರಿಗೆ ದಿನಕ್ಕೆ 2,400 ಮಿಲಿಗ್ರಾಂ. ಒಂದು ಕ್ಯಾನ್ ಡಯಟ್ ಪಾನೀಯದಲ್ಲಿ 200ರಿಂದ 300 ಮಿಲಿಗ್ರಾಂ ಇರುತ್ತದೆ. ಅಂದರೆ ಮಿತಿ ಮುಟ್ಟಲು ದಿನಾ 8ರಿಂದ 12 ಕ್ಯಾನ್ ಕುಡಿಯಬೇಕು. ಈ ಮಿತಿಯೂ ಅಪಾಯದ ಗೆರೆ ಅಲ್ಲ. ಪ್ರಾಣಿಗಳಲ್ಲಿ ಏನೂ ತೊಂದರೆ ಕಾಣದ ಪ್ರಮಾಣವನ್ನು ಸಾಮಾನ್ಯವಾಗಿ ನೂರರಿಂದ ಭಾಗಿಸಿ ಇಡುತ್ತಾರೆ, ಜೀವನಪೂರ್ತಿ ದಿನಾ ತಿಂದರೂ ಇರಲಿ ಅಂತ. ಕಾಫಿಗೆ ಒಂದೆರಡು ಮಾತ್ರೆ ಹಾಕುವವರು ಆ ಗೆರೆಯ ಹತ್ತಿರವೂ ಸುಳಿಯುವುದಿಲ್ಲ. ಮಾತ್ರೆ ಅಷ್ಟು ಪುಟ್ಟದಾಗಿರುವುದಕ್ಕೆ ಕಾರಣ ಅದರ ತೀರಾ ಜಾಸ್ತಿ ಸಿಹಿ. ಆಸ್ಪರ್ಟೇಮ್ ಸಕ್ಕರೆಗಿಂತ ಸುಮಾರು 200 ಪಟ್ಟು ಸಿಹಿ, ಸುಕ್ರಲೋಸ್ 600 ಪಟ್ಟು. ಪೊಟ್ಟಣ ಹರಿದಾಗ ಸುರಿಯುವ ಬಿಳಿ ಪುಡಿಯಲ್ಲಿ ಬಹುಪಾಲು ಡೆಕ್ಸ್‌ಟ್ರೋಸ್ ಇಲ್ಲವೇ ಮಾಲ್ಟೊಡೆಕ್ಸ್‌ಟ್ರಿನ್. ಇವೂ ಸಕ್ಕರೆ, ಪಿಷ್ಟದ ಜಾತಿಯವೇ. ಕೈಗೆ ಸಿಗುವಷ್ಟು ಪುಡಿ ಇರಲಿ ಎಂದು ಸೇರಿಸಿದ ಭರ್ತಿ ಅದು. ನಿಜವಾದ ಸುಕ್ರಲೋಸ್ ಚಿಟಿಕೆಯೂ ಇರುವುದಿಲ್ಲ.

ಆಸ್ಪರ್ಟೇಮ್ ಒಡೆದಾಗ ಮೆಥನಾಲ್ ಬರುತ್ತದೆ, ಕಣ್ಣು ಹೋಗುತ್ತದೆ ಎಂದು ಹೆದರಿಸುವವರೂ ಇದ್ದಾರೆ. ಬರುವುದು ನಿಜ, ತೂಕದ ಹತ್ತನೇ ಒಂದು ಭಾಗದಷ್ಟು. ಡಯಟ್ ಪಾನೀಯದ ಬದಲು ಅಷ್ಟೇ ಅಳತೆಯ ಟೊಮೆಟೊ ರಸ ಕುಡಿದರೆ ಅದಕ್ಕಿಂತ ಜಾಸ್ತಿ ಮೆಥನಾಲ್ ಹೊಟ್ಟೆ ಸೇರುತ್ತದೆ. ಅದರ ಬಗ್ಗೆ ಯಾರೂ ವಿಡಿಯೋ ಮಾಡಿ ಕಳಿಸುವುದಿಲ್ಲ.

ಹಾಗಾದರೆ ವರ್ಷಗಟ್ಟಲೆ ತಿಂದವರನ್ನು ನೋಡಿದ ಅಧ್ಯಯನ ಇಲ್ವಾ? ಇವೆ. ಫ್ರಾನ್ಸಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಸರಾಸರಿ ಎಂಟು ವರ್ಷ ಹಿಂಬಾಲಿಸಿದ ನ್ಯೂಟ್ರಿನೆಟ್-ಸಾಂಟೆ ಅಧ್ಯಯನ 2022ರಲ್ಲಿ ಬಂತು. ಕೃತಕ ಸಿಹಿ ಜಾಸ್ತಿ ತಿನ್ನುವವರಲ್ಲಿ ಕ್ಯಾನ್ಸರ್ ಅಪಾಯ ಶೇ 13ರಷ್ಟು ಹೆಚ್ಚು ಕಂಡಿತು. ಅದೇ ತಂಡ ಹೃದಯದ ಕಾಯಿಲೆಗೂ ಇಂಥದೇ ನಂಟು ತೋರಿಸಿತು. ಇದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಡಯಟ್ ಪಾನೀಯ ಯಾರು ಕುಡಿಯುತ್ತಾರೆ ಯೋಚಿಸಿ. ತೂಕ ಏರಿದವರು, ಶುಗರ್ ಅಂಚಿಗೆ ಬಂದವರು, ಡಾಕ್ಟರ್ ಹತ್ತಿರ ಬೈಸಿಕೊಂಡವರು. ಕಾಯಿಲೆಯ ದಾರಿಯಲ್ಲಿ ಮೊದಲೇ ಇದ್ದವರ ಕೈಯಲ್ಲಿ ಆ ಕ್ಯಾನ್ ಇರುತ್ತದೆ. ಕ್ಯಾನ್‌ನಿಂದ ಕಾಯಿಲೆ ಬಂತಾ, ಕಾಯಿಲೆಯ ಭಯದಿಂದ ಕ್ಯಾನ್ ಬಂತಾ ಅನ್ನುವುದನ್ನು ಅಂಕಿಅಂಶದ ಲೆಕ್ಕದಲ್ಲಿ ಪೂರ್ತಿ ಬೇರ್ಪಡಿಸಲು ಆಗುವುದಿಲ್ಲ.

ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗಗಳಲ್ಲಿ ಈ ತೊಡಕು ಇರುವುದಿಲ್ಲ. ನೆದರ್ಲೆಂಡ್ಸ್‌ನಲ್ಲಿ 641 ಮಕ್ಕಳಿಗೆ 18 ತಿಂಗಳು ದಿನಕ್ಕೊಂದು ಡಬ್ಬಿ ಪಾನೀಯ ಕೊಟ್ಟರು. ಅರ್ಧ ಮಕ್ಕಳದ್ದು ಸಕ್ಕರೆಯದು, ಇನ್ನರ್ಧದ್ದು ಕೃತಕ ಸಿಹಿಯದು. ಯಾರಿಗೆ ಯಾವುದು ಎಂದು ಯಾರಿಗೂ ಹೇಳಲಿಲ್ಲ. 2012ರಲ್ಲಿ ಫಲಿತಾಂಶ ಬಂದಾಗ, ಸಕ್ಕರೆ ಇಲ್ಲದ್ದನ್ನು ಕುಡಿದ ಮಕ್ಕಳ ತೂಕ ಸುಮಾರು ಒಂದು ಕಿಲೋ ಕಮ್ಮಿ ಏರಿತ್ತು. ಸಕ್ಕರೆ ಪಾನೀಯದ ಬದಲಿಗೆ ಬಂದಾಗ ಲಾಭ ಇದೆ ಎಂದಾಯಿತು.

ಆದರೂ 2023ರ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ತೂಕ ಇಳಿಸಲು ಇವನ್ನು ನೆಚ್ಚಿಕೊಳ್ಳಬೇಡಿ ಎಂದಿತು. ದೀರ್ಘಕಾಲದಲ್ಲಿ ತೂಕಕ್ಕೆ ಲಾಭ ಕಾಣಲಿಲ್ಲ ಅನ್ನುವುದು ಅದರ ಕಾರಣ. ಇದು ಮೊದಲೇ ಡಯಾಬಿಟಿಸ್ ಇರುವವರಿಗೆ ಹೇಳಿದ ಮಾತಲ್ಲ. ಸುದ್ದಿಯಲ್ಲಿ ಆ ಸಾಲು ಬಿಟ್ಟುಹೋಗಿ ಎಷ್ಟೋ ಶುಗರ್ ಇರುವವರು ಗಾಬರಿಯಾದರು. ಲಾಭ ಯಾಕೆ ಕಾಣುವುದಿಲ್ಲ ಅನ್ನುವುದಕ್ಕೆ ನನಗೆ ತೋಚುವ ಕಾರಣ ತೀರಾ ಸಾದಾ. ಕಾಫಿಯಲ್ಲಿ ಉಳಿಸಿದ ಸಕ್ಕರೆಯನ್ನು ಪಕ್ಕದ ತಟ್ಟೆಯ ಬಿಸ್ಕತ್ತಿನಲ್ಲಿ ವಸೂಲಿ ಮಾಡುತ್ತೇವೆ. "ಶುಗರ್ ಫ್ರೀ ತಾನೇ" ಎಂದು ಇನ್ನೊಂದು ತುಂಡು ಕೇಕ್ ಹೊಡೆಯುವವರನ್ನು ನೀವೂ ನೋಡಿರುತ್ತೀರಿ.

ಕರುಳಿನ ಸೂಕ್ಷ್ಮಜೀವಿಗಳ ವಿಷಯಕ್ಕೆ ಮಾತ್ರ ನಾನು ಕಿವಿ ತೆರೆದಿಟ್ಟಿದ್ದೇನೆ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಮೊದಲು ಕೃತಕ ಸಿಹಿ ತಿನ್ನದಿದ್ದ 120 ಆರೋಗ್ಯವಂತರಿಗೆ ಎರಡು ವಾರ ಬೇರೆ ಬೇರೆ ಸ್ವೀಟ್ನರ್ ಕೊಟ್ಟು ನೋಡಿದರು. ಮಿತಿಯೊಳಗಿನ ಪ್ರಮಾಣವೇ. ಸ್ಯಾಕರಿನ್ ಮತ್ತು ಸುಕ್ರಲೋಸ್ ತಿಂದವರಲ್ಲಿ ರಕ್ತದ ಸಕ್ಕರೆ ನಿಭಾಯಿಸುವ ಶಕ್ತಿ ಸ್ವಲ್ಪ ಕೆಟ್ಟಿತು, ಅದೂ ಒಬ್ಬೊಬ್ಬರಲ್ಲಿ ಒಂದೊಂದು ಥರ. ಎರಡು ವಾರದ್ದು ಇಪ್ಪತ್ತು ವರ್ಷಕ್ಕೆ ಸಾಕ್ಷಿಯಾಗುವುದಿಲ್ಲ. ಆದರೆ "ದೇಹಕ್ಕೆ ಗೊತ್ತೇ ಆಗದೆ ಹಾದುಹೋಗುತ್ತದೆ" ಅನ್ನುವ ಹಳೆಯ ಮಾತು ಈಗ ನಿಲ್ಲುವುದಿಲ್ಲ.

ಇನ್ನೊಂದು, ಎರಿಥ್ರಿಟಾಲ್. "ನ್ಯಾಚುರಲ್" ಎಂದು ದೊಡ್ಡದಾಗಿ ಬರೆದ ಸ್ಟೀವಿಯಾ ಡಬ್ಬಿ ತಿರುಗಿಸಿ ನೋಡಿ. ಎಷ್ಟೋ ಸಲ ಒಳಗೆ ಜಾಸ್ತಿ ಇರುವುದು ಇದೇ. ಇದನ್ನು ಮಿಲಿಗ್ರಾಂ ಲೆಕ್ಕದಲ್ಲಿ ತಿನ್ನುವುದಿಲ್ಲ, ಗ್ರಾಂಗಟ್ಟಲೆ ತಿನ್ನುತ್ತೇವೆ. ರಕ್ತದಲ್ಲಿ ಎರಿಥ್ರಿಟಾಲ್ ಜಾಸ್ತಿ ಇದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚು ಎಂದು 2023ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ ತಂಡ ಹೇಳಿತು. ನಮ್ಮ ದೇಹವೂ ಎರಿಥ್ರಿಟಾಲ್ ತಯಾರಿಸುತ್ತದೆ, ಹಾಗಾಗಿ ತಿಂದದ್ದೇ ಕಾರಣ ಅನ್ನಲಾಗದು. ಆದರೆ ಅದೇ ತಂಡ 30 ಗ್ರಾಂ ಕುಡಿಸಿ ನೋಡಿದಾಗ ರಕ್ತದಲ್ಲಿ ಅದರ ಮಟ್ಟ ಸಾವಿರ ಪಟ್ಟು ಏರಿ, ಎರಡು ದಿನಕ್ಕೂ ಮೀರಿ ಹೆಚ್ಚೇ ಉಳಿಯಿತು. ರಕ್ತ ಹೆಪ್ಪುಗಟ್ಟಿಸುವ ಕಣಗಳೂ ಅದಕ್ಕೆ ಚುರುಕಾಗುತ್ತವೆ ಎಂದು ಲ್ಯಾಬಿನಲ್ಲಿ ಕಂಡಿತು. ಹೃದಯದ ತೊಂದರೆ ಇರುವವರು ನನ್ನನ್ನು ಕೇಳಿದರೆ, ಇನ್ನಷ್ಟು ಸ್ಪಷ್ಟವಾಗುವವರೆಗೆ ಇದೊಂದನ್ನು ಬಿಡಿ ಅನ್ನುತ್ತೇನೆ. ಸಸ್ಯದಿಂದ ಬಂದಿದ್ದು ಅನ್ನುವ ಒಂದೇ ಕಾರಣಕ್ಕೆ ಯಾವುದನ್ನೂ ನಂಬಬೇಡಿ.

ಈಗ ನನ್ನ ಮರುಪ್ರಶ್ನೆಗೆ ಬರೋಣ. ದಿನಾ ಎರಡು ಬಾಟಲಿ ಸಕ್ಕರೆ ಪಾನೀಯ ಕುಡಿಯುವವರು ಡಯಟ್‌ಗೆ ಬದಲಾದರೆ ನನಗೆ ಸಂತೋಷ. ಸಕ್ಕರೆಯಿಂದ ಆಗುವ ಹಾನಿಗೆ ಇರುವಷ್ಟು ಸಾಕ್ಷಿ ಇವಕ್ಕಿಲ್ಲ. ಶುಗರ್ ಇರುವವರು ಕಾಫಿಗೆ ಒಂದು ಮಾತ್ರೆ ಹಾಕಿಕೊಂಡು ನೆಮ್ಮದಿಯಾಗಿ ಕುಡಿದರೆ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಸುಮ್ನೆ ನೀರು ಕುಡಿಯುತ್ತಿದ್ದವರು ಡಯಟ್ ಕೋಲಾ ಶುರು ಮಾಡಿದರೆ ಸಿಗುವುದು ಏನೂ ಇಲ್ಲ. ಅದರ ಆಮ್ಲ ಹಲ್ಲನ್ನು ಸವೆಸುತ್ತದೆ ಅಷ್ಟೇ. ಚಿಕ್ಕ ಮಕ್ಕಳಿಗೂ ಅಭ್ಯಾಸ ಮಾಡಿಸಬೇಡಿ. ನಾಲಿಗೆಯ ರುಚಿ ತಯಾರಾಗುವ ವಯಸ್ಸು ಅದು.

ಖಡಾಖಂಡಿತ ಬೇಡ ಅನ್ನಬೇಕಾದವರು ಒಬ್ಬರಿದ್ದಾರೆ. ಫೀನೈಲ್‌ಕೀಟೋನ್ಯೂರಿಯಾ ಎಂಬ ಹುಟ್ಟಿನಿಂದ ಬರುವ ಕಾಯಿಲೆ ಇರುವವರಿಗೆ ಆಸ್ಪರ್ಟೇಮ್ ಸಲ್ಲದು. ಅದರಿಂದ ಬರುವ ಫೀನೈಲ್‌ಅಲನಿನ್ ಅವರ ದೇಹದಲ್ಲಿ ಕರಗದೆ ಮಿದುಳಿಗೆ ಹಾನಿ ಮಾಡುತ್ತದೆ. ಲೇಬಲ್ ಮೇಲೆ ಸಣ್ಣಕ್ಷರದಲ್ಲಿ ಆ ಹೆಸರು ಇರುವುದು ಇದಕ್ಕೇ.

ಅಡುಗೆಗೆ ಹಾಕಬಹುದಾ ಅಂತಲೂ ಕೇಳುತ್ತಾರೆ. ಆಸ್ಪರ್ಟೇಮ್ ಬೇಯಿಸಿದರೆ ಸಿಹಿಯೇ ಹೋಗುತ್ತದೆ. ಸುಕ್ರಲೋಸ್‌ ಅನ್ನು 120 ಡಿಗ್ರಿ ದಾಟಿ ಕಾಯಿಸಿದರೆ ಬೇಡದ ಕ್ಲೋರಿನ್ ಸಂಯುಕ್ತಗಳು ಹುಟ್ಟಬಹುದು ಎಂದು ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆ ಎಚ್ಚರಿಸಿದೆ. ಹಾಗಾಗಿ ಓವನ್‌ಗೆ ಇಡುವುದಿದ್ದರೆ ಮಾಮೂಲಿ ಸಕ್ಕರೆಯನ್ನೇ ಸ್ವಲ್ಪ ಕಮ್ಮಿ ಹಾಕಿ, ತುಂಡು ಚಿಕ್ಕದು ಮಾಡಿ. ಮನೆಯಲ್ಲಿ ನಾಯಿ ಇದ್ದರೆ ಜೈಲಿಟಾಲ್ ಎಂಬ ಇನ್ನೊಂದು ಸ್ವೀಟ್ನರ್ ಇರುವ ಚೂಯಿಂಗ್ ಗಮ್, ಪುಡಿ ಎಲ್ಲವನ್ನೂ ಎತ್ತರದಲ್ಲಿಡಿ. ನಮಗೆ ಜಾಸ್ತಿಯಾದರೆ ಹೊಟ್ಟೆ ಕೆಡುತ್ತದೆ, ನಾಯಿಗೆ ಅದು ಸ್ವಲ್ಪ ಹೋದರೂ ಪ್ರಾಣಕ್ಕೇ ಸಂಚಕಾರ.