ಯಾವ ಫಾಂಟೂ ಅಲ್ಲ

"ಇದು ಯಾವ ಫಾಂಟ್ ಸಾರ್?"

ಜೊತೆಗೊಂದು ಫೋಟೊ. ಮೈಸೂರಿನ ಸಂತೆಪೇಟೆಯ ಕಿರಾಣಿ ಅಂಗಡಿ ಬೋರ್ಡು, ಇಲ್ಲವೇ ಮಂಡ್ಯ ಪೇಟೆಬೀದಿಯ ಹಳೇ ಜವಳಿ ಅಂಗಡಿಯದ್ದು. ರಸ್ತೆಯಾಚೆಯಿಂದ ಓರೆಯಾಗಿ ತೆಗೆದದ್ದು, ಅಡ್ಡಕ್ಕೆ ಕರೆಂಟು ತಂತಿ. ಕೆಳಗೆ "ಅರ್ಜೆಂಟು, ಇನ್ವಿಟೇಷನ್‌ಗೆ ಬೇಕು". ಹಳೇ ಬೋರ್ಡು, ಹಳೇ ಲೇಬಲ್ಲು, ಹಳೇ ಅಕ್ಷರ ಅಂದರೆ ನನಗೆ ಪ್ರಾಣ ಎಂದು ಗೊತ್ತಿರುವವರೆಲ್ಲ ಕೇಳುವುದು ಇದನ್ನೇ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಬರೆದಿಡುತ್ತೇನೆ, ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಅದು ಯಾವ ಫಾಂಟೂ ಅಲ್ಲ. ಆ ಅಂಗಡಿಗೆಂದೇ, ಆ ತಗಡಿನ ಉದ್ದಗಲ ನೋಡಿಕೊಂಡು ಒಬ್ಬ ಪೇಂಟರ್ ಬರೆದ ಅಕ್ಷರ. ಡೌನ್‌ಲೋಡ್ ಮಾಡಲು ಎಲ್ಲೂ ಇಲ್ಲ. ಫೋಟೊ ಹಾಕಿದರೆ ಫಾಂಟಿನ ಹೆಸರು ಹೇಳುವ ಆ್ಯಪ್‌ಗಳಿಗೂ ಗೊತ್ತಾಗುವುದಿಲ್ಲ. ತಮ್ಮ ಪಟ್ಟಿಯಲ್ಲಿರುವ ಯಾವುದೋ ಒಂದರ ಹೆಸರು ಹೇಳಿ ಕೈ ತೊಳೆದುಕೊಳ್ಳುತ್ತವೆ.

ಇಷ್ಟು ಹೇಳಿದ ಮೇಲೆ ಬರುವ ಮಾತೇ ನನಗೆ ತಡೆಯಲಾಗದ್ದು. "ಓ, ಕಂಪ್ಯೂಟರ್ ಇಲ್ದಿದ್ದ ಕಾಲ ಅಲ್ವಾ, ಪಾಪ, ಹೆಂಗೋ ಕೈಯಲ್ಲೇ ಬರ್ಕೊಳ್ತಿದ್ರು." ಪಾಪ ಯಾಕೆ? ಹೆಂಗೋ ಅಂದರೇನು? ಹೆಂಗೋ ಬರೆದ ಅಕ್ಷರ ಮೂವತ್ತು ನಲವತ್ತು ಮಳೆಗಾಲ ಕಂಡ ಮೇಲೂ ಕಣ್ಣು ಹಿಡಿದು ನಿಲ್ಲಿಸುತ್ತದೆಯೇ? ನಿಲ್ಲಿಸಿದ್ದರಿಂದಲೇ ತಾನೇ ನೀವು ಸ್ಕೂಟರ್ ನಿಲ್ಲಿಸಿ ಫೋಟೊ ತೆಗೆದದ್ದು?

ಕೈಬರಹವೆಂದು ನಂಬಿಕೆ ಬಾರದಿದ್ದರೆ ನೀವೇ ನೋಡಿ. ಬೋರ್ಡಿನಲ್ಲಿ 'ಶ್ರೀ ಚಾಮುಂಡೇಶ್ವರಿ ಪ್ರಾವಿಷನ್ ಸ್ಟೋರ್ಸ್' ಅಂತ ಇದೆ ಅನ್ನಿ. ಎರಡು ಸಲ ಬಂದಿರುವುದನ್ನು ಹಿಡಿಯಿರಿ. ರಕಾರದ ಒತ್ತು 'ಶ್ರೀ'ಯಲ್ಲೂ ಇದೆ, 'ಪ್ರಾ'ದಲ್ಲೂ ಇದೆ. 'ಶ್ರೀ' ಮೊದಲಲ್ಲಿದೆ, ಸುತ್ತ ಜಾಗವಿದೆ, ಅಲ್ಲಿ ಒತ್ತು ಬಳುಕಿಕೊಂಡು ಅಗಲವಾಗಿ ಹರಡಿರುತ್ತದೆ. 'ಪ್ರಾ' ನಡುವೆ ಸಿಕ್ಕಿಕೊಂಡಿದೆ, ಅಲ್ಲಿ ಅದೇ ಒತ್ತು ಮುದುರಿರುತ್ತದೆ. 'ಸ್ಟೋ'ದ ಸಕಾರಕ್ಕಿಂತ ಕೊನೆಯ ಸಕಾರ ಒಂದು ಬೆರಳು ಕಿರಿದು, ಯಾಕೆಂದರೆ ತಗಡು ಮುಗಿಯುತ್ತಾ ಬಂದಿತ್ತು. ಪ, ವ, ಷ ಅಣ್ಣತಮ್ಮಂದಿರು, ಕೆಳಗಿನ ಬಟ್ಟಲು ಒಂದೇ. ಫಾಂಟಿನಲ್ಲಿ ಆ ಬಟ್ಟಲು ಮೂರಕ್ಕೂ ಪಡಿಯಚ್ಚು. ಬೋರ್ಡಿನಲ್ಲಿ ಮೂರರ ಬಾಯಿ ಮೂರು ಥರ. ಇದು ಕೈ ತಪ್ಪಿ ಆದದ್ದಲ್ಲ, ಪಕ್ಕದ ಅಕ್ಷರ ನೋಡಿಕೊಂಡು ಮಾಡಿದ್ದು. ನಿಮ್ಮ ಕಣ್ಣಿಗೆ ಹಿತವಾಗಿ ಕಂಡದ್ದು ಈ ಹೊಂದಾಣಿಕೆಯೇ, ಅಕ್ಷರದ ಆಕಾರ ಮಾತ್ರ ಅಲ್ಲ. ಫಾಂಟ್ ಸಿಕ್ಕರೂ ಇದು ಸಿಗುವುದಿಲ್ಲ.

ಹಾಗಾಗಿ 'ಯಾವುದು' ಬಿಡಿ, 'ಹೆಂಗೆ' ಅಂತ ಕೇಳಿ. ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ.

ಕನ್ನಡದ ಒಂದು ಸಾಲಿಗೆ ಮೂರು ಅಂತಸ್ತು. ನಡುವೆ ಅಕ್ಷರದ ಮೈ, ಮೇಲೆ ಗುಡಿಸು ಏತ್ವಗಳು, ಕೆಳಗೆ ಒತ್ತು. 2 ಅಡಿ ಎತ್ತರದ ತಗಡಿನಲ್ಲಿ ಮೇಲೆ ಕೆಳಗೆ ಮೂರು ಮೂರು ಇಂಚು ಅಂಚು ಬಿಟ್ಟರೆ ಉಳಿಯುವುದು 18 ಇಂಚು. ಅದರಲ್ಲಿ ಮೇಲಿನದಕ್ಕೆ 3, ಒತ್ತಿಗೆ 5 ಹೋದರೆ ಮೈಗೆ ಸಿಗುವುದು 10 ಇಂಚು. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಈ ಕಷ್ಟವಿಲ್ಲ, 18ಕ್ಕೆ 18 ಇಂಚೂ ತುಂಬಿಕೊಳ್ಳುತ್ತವೆ. ಎರಡೂ ಭಾಷೆಗೆ ಒಂದೇ ಎತ್ತರದ ಪಟ್ಟಿ ಕೊಟ್ಟ ಬೋರ್ಡುಗಳಲ್ಲಿ ಕನ್ನಡ ಸೊರಗಿದಂತೆ ಕಾಣುವುದು ಇದರಿಂದಲೇ. ಒಳ್ಳೇ ಪೇಂಟರ್ ಎರಡು ದಾರಿ ಹಿಡಿಯುತ್ತಿದ್ದ. ಕನ್ನಡಕ್ಕೆ ಪಟ್ಟಿಯನ್ನೇ ಅಗಲ ಮಾಡುತ್ತಿದ್ದ, ಇಲ್ಲವೇ ಒತ್ತನ್ನು ಪಕ್ಕದ ಅಕ್ಷರದ ಹೊಟ್ಟೆಯ ಕೆಳಗೆ ನುಸುಳಿಸಿ ಮೈಯನ್ನು 12 ಇಂಚಿಗೆ ಎಳೆಯುತ್ತಿದ್ದ. ಎರಡನೆಯದು ಕಷ್ಟದ ಕೆಲಸ. ಹಳೇ ಬೋರ್ಡಿನ ಚೆಲುವು ಅಲ್ಲೇ ಇರುವುದು.

ತಗಡು 24 ಗೇಜಿನದು, ಮರದ ಚೌಕಟ್ಟಿಗೆ ಹೊಡೆದದ್ದು. ಮೊದಲು ಪಾಲಿಶ್ ಪೇಪರಿನಲ್ಲಿ ಉಜ್ಜಿ ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಬೇಕು, ಕೈಯ ಜಿಡ್ಡು ಉಳಿದ ಕಡೆ ಬಣ್ಣ ಕೂರುವುದಿಲ್ಲ. ಆಮೇಲೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಒಂದು ಕೋಟು, ಪೂರಾ ಒಂದು ದಿನ ಒಣಗಬೇಕು. ಅದರ ಮೇಲೆ ಹಿನ್ನೆಲೆ ಬಣ್ಣದ ಎನಾಮೆಲ್ ಎರಡು ಕೋಟು, ನಡುವೆ ಇನ್ನೊಂದು ದಿನ. ಹೊಸ ಜಿಐ ತಗಡಾದರೆ, ಅಂದರೆ ಸತುವಿನ ಲೇಪ ಇರುವ ತಗಡಾದರೆ, ಹುಷಾರು. ಅದರ ಮೇಲಿನ ಸತುವು ಎನಾಮೆಲ್ಲಿನ ಎಣ್ಣೆಯಂಶದ ಜೊತೆ ಸೇರಿ ಸೋಪಿನಂಥ ಪದರವಾಗುತ್ತದೆ, ಮೇಲಿನ ಬಣ್ಣ ಹಪ್ಪಳದ ಹಾಗೆ ಏಳುತ್ತದೆ. ಜಿಐಗೆಂದೇ ಇರುವ ಪ್ರೈಮರ್ ಹಾಕದೆ ಬರೆಯಬಾರದು. ಮರದ ಹಲಗೆಯಾದರೆ ಗಂಟುಗಳಿಗೆ ಮೊದಲು ಅರಗಿನ ಪಾಲಿಶ್ ಬಳಿಯಬೇಕು, ಇಲ್ಲದಿದ್ದರೆ ಬೇಸಗೆಯಲ್ಲಿ ಗಂಟಿನ ಅಂಟು ಹಳದಿ ಕಲೆಯಾಗಿ ಹೊರಬರುತ್ತದೆ. ಅರಗು ಅಂದಾಗ ನೆನಪಾಯಿತು. ಇವತ್ತು ಮತದಾನದ ಶಾಯಿಗೆ ಹೆಸರಾಗಿರುವ ನಮ್ಮ ಮೈಸೂರಿನ ಬಣ್ಣದ ಕಾರ್ಖಾನೆ 1937ರಲ್ಲಿ ಶುರುವಾದಾಗ ಅದರ ಹೆಸರು ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಲ್ಯಾಕ್ ಅಂದರೆ ಇದೇ ಅರಗು.

ಅಕ್ಷರಕ್ಕೆ ಗೆರೆ ಹಾಕುವುದು ದಾರದಲ್ಲಿ. ದಾರಕ್ಕೆ ಸೀಮೆಸುಣ್ಣದ ಪುಡಿ ಉಜ್ಜಿ, ಎರಡು ತುದಿ ಬಿಗಿಹಿಡಿದು, ನಡುವೆ ಎತ್ತಿ ಬಿಟ್ಟರೆ ನೆಟ್ಟನೆ ಗೆರೆ ಬೀಳುತ್ತದೆ. ಒದ್ದೆ ಬಟ್ಟೆ ತಾಗಿಸಿದರೆ ಅಳಿಸಿಹೋಗುತ್ತದೆ. ಪೆನ್ಸಿಲ್ ಗೆರೆ ತೆಳು ಬಣ್ಣದಡಿ ಕಾಣಿಸುತ್ತದೆ, ಅದಕ್ಕೇ ಸುಣ್ಣ. ಹೆಸರನ್ನು ಸೀಮೆಸುಣ್ಣದಲ್ಲಿ ಬರೆದುಕೊಂಡು, ಹತ್ತು ಹೆಜ್ಜೆ ಹಿಂದೆ ಸರಿದು ನೋಡಬೇಕು. ಅಕ್ಷರಗಳ ನಡುವಿನ ಜಾಗವನ್ನು ಅಡಿಪಟ್ಟಿಯಲ್ಲಿ ಅಳೆದರೆ ಕೆಡುತ್ತದೆ. ಠ, ರ ಪಕ್ಕಪಕ್ಕ ಬಂದರೆ ಎರಡರ ದುಂಡಿನ ಸಂದಿಯಲ್ಲೇ ಗಾಳಿ ಇದೆ, ಹತ್ತಿರ ತರಬೇಕು. ಘ, ಝದಂಥ ತುಂಬಿದ ಅಕ್ಷರಗಳಿಗೆ ಉಸಿರಾಡಲು ಬಿಡಬೇಕು.

ಬರೆಯುವಾಗ ಎಡಗೈಯಲ್ಲಿ ಒಂದು ಕೋಲು, ತುದಿಗೆ ಬಟ್ಟೆಯುಂಡೆ. ಅದನ್ನು ತಗಡಿಗೆ ಊರಿ, ಅದರ ಮೇಲೆ ಬಲಗೈ ಇಟ್ಟರೆ ಕೈ ನಡುಗುವುದಿಲ್ಲ, ಹಸಿ ಬಣ್ಣಕ್ಕೂ ತಾಗುವುದಿಲ್ಲ. 'ರ'ದ ದುಂಡನ್ನು ಒಂದೇ ಸುತ್ತಿನಲ್ಲಿ ಎಳೆಯಲು ಹೋದರೆ ಬ್ರಷ್ ಕೂದಲು ತಿರುಚಿಕೊಂಡು ಗೆರೆ ಒಂದು ಕಡೆ ದಪ್ಪ, ಒಂದು ಕಡೆ ಹರಕು. ಮೇಲಿನಿಂದ ಎಡಗಡೆಯ ಅರ್ಧ, ಮತ್ತೆ ಮೇಲಿನಿಂದ ಬಲಗಡೆಯ ಅರ್ಧ, ಕೆಳಗೆ ಎರಡನ್ನೂ ಕೂಡಿಸಬೇಕು. ತಲೆಕಟ್ಟು ಕೊನೆಗೆ. ಹಳೇ ಬೋರ್ಡನ್ನು ಹತ್ತಿರದಿಂದ ನೋಡಿದರೆ ಆ ಕೂಡಿಸಿದ ಜಾಗ ಈಗಲೂ ಸಣ್ಣ ಉಬ್ಬಾಗಿ ಬೆರಳಿಗೆ ತಾಗುತ್ತದೆ. ಬಣ್ಣಕ್ಕೆ ಟರ್ಪೆಂಟೈನ್ ಹನಿಗಳ ಲೆಕ್ಕದಲ್ಲಿ ಸಾಕು. ಹೆಚ್ಚಾದರೆ ಕೆಳಕ್ಕೆ ಇಳಿಯುತ್ತದೆ, ಹೊಳಪೂ ಹೋಗುತ್ತದೆ. ಕಡಿಮೆಯಾದರೆ ಗೆರೆಯ ತುದಿ ಪೊರಕೆಯಂತೆ ಸೀಳುತ್ತದೆ.

ನೆರಳು ಕೊಡುವಾಗ ಅಕ್ಷರಕ್ಕೂ ನೆರಳಿಗೂ ನಡುವೆ ಕಾಲು ಇಂಚು ಹಿನ್ನೆಲೆ ಬಣ್ಣವನ್ನೇ ಬಿಟ್ಟಿರುತ್ತಾರೆ, ಗಮನಿಸಿದ್ದೀರಾ? ಅಂದಕ್ಕಾಗಿ ಎಂದುಕೊಳ್ಳುತ್ತೇವೆ. ಕೆಲಸದ ಅನುಕೂಲವೂ ಅದರಲ್ಲಿದೆ. ಹಸಿ ಬಣ್ಣಗಳೆರಡು ತಾಗುವುದಿಲ್ಲವಾದ್ದರಿಂದ ಅಕ್ಷರ ಒಣಗುವವರೆಗೆ ಕಾಯದೆ ಅದೇ ದಿನ ನೆರಳು ಮುಗಿಸಬಹುದು.

ಇಷ್ಟಕ್ಕೆಲ್ಲ 'ಹೆಂಗೋ' ಅನ್ನುತ್ತೀರಿ.

ಲೇಬಲ್, ಹಳೇ ಪುಸ್ತಕದ ಫೋಟೊ ಕಳಿಸುವವರಿಗೆ ಉತ್ತರ ಸ್ವಲ್ಪ ಬೇರೆ. 10 ಪಟ್ಟು ದೊಡ್ಡದು ಮಾಡುವ ಮಸೂರ ಹಿಡಿದು ನೋಡಿ. ಅಕ್ಷರದ ಅಂಚಿನಲ್ಲಿ ಶಾಯಿ ಗಾಢವಾಗಿ, ಕಾಗದದ ಹಿಂದೆ ಬೆರಳಿಗೆ ಉಬ್ಬು ಸಿಕ್ಕರೆ ಅದು ಅಚ್ಚುಮೊಳೆ ಜೋಡಿಸಿ ಅಚ್ಚು ಹಾಕಿದ್ದಿರಬೇಕು. ಅಲ್ಲಿ ಮಾತ್ರ ನಿಮ್ಮ ಪ್ರಶ್ನೆಗೆ ಅರ್ಥವಿದೆ, ಸೀಸದ ಮೊಳೆಗಳಿಗೆ ಪಾಯಿಂಟ್ ಅಳತೆ, ಎರಕದವರ ಹೆಸರು ಎರಡೂ ಇದ್ದವು. ಬಣ್ಣ ಕೈಯಲ್ಲಿ ಚುಕ್ಕೆಯಿಟ್ಟಂತೆ ಅಡ್ಡಾದಿಡ್ಡಿ ಕಣಗಳಾಗಿದ್ದರೆ ಕಲ್ಲಚ್ಚು, ಲೆಕ್ಕವಿಟ್ಟಂತೆ ಸಾಲುಚುಕ್ಕೆಯಾದರೆ ಫೋಟೊದಿಂದ ಮಾಡಿದ ಬ್ಲಾಕು ಅಥವಾ ಆಫ್‌ಸೆಟ್. ಕಲ್ಲಚ್ಚಾದರೆ ಮತ್ತೆ ಫಾಂಟ್ ಇಲ್ಲ, ಕೈಯಲ್ಲಿ ಬರೆದದ್ದೇ ಕಲ್ಲಿಗೆ ಇಳಿದದ್ದು. 1843ರ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲೇ ಬಂತು. ಕನ್ನಡದ ಮೊದಲ ಪತ್ರಿಕೆಗೇ ಫಾಂಟ್ ಇರಲಿಲ್ಲ, ನಿಮ್ಮ ಇನ್ವಿಟೇಷನ್‌ಗೆ ಯಾಕೆ?

ಆದರೂ ಬೇಕೇ ಬೇಕು ಅನ್ನುವವರಿಗೆ: ದಪ್ಪ ದುಂಡಗಿನ ಬೋರ್ಡಿನ ಗತ್ತಿಗೆ 'ಬಾಲೂ ತಮ್ಮ', ಒಂದೇ ದಪ್ಪದ ಗೆರೆಗೆ 'ಹುಬ್ಬಳ್ಳಿ', ಹಳೇ ಪುಸ್ತಕದ ಮೈಕಟ್ಟಿಗೆ 'ಟೀರೋ ಕನ್ನಡ'. ಮೂರೂ ಉಚಿತ. ಟೈಪ್ ಮಾಡಿದ ಮೇಲೆ ಔಟ್‌ಲೈನ್ (ಅಕ್ಷರವನ್ನು ಬರೀ ಆಕಾರ) ಮಾಡಿಕೊಂಡು ಒತ್ತುಗಳನ್ನು ಒಂದೊಂದಾಗಿ ಕೈಯಲ್ಲಿ ಸರಿಸಿ, ಆಗ ಅರ್ಧ ದಾರಿ ಬಂದಂತೆ. ಒತ್ತು ಬಿಚ್ಚಿಕೊಂಡು 'ಸ್‌ಟೋ' ಎಂದು ನಿಂತರೆ ಇಲ್ಲಸ್ಟ್ರೇಟರ್‌ನಂಥ ಡಿಸೈನ್ ಸಾಫ್ಟ್‌ವೇರಿನ ಪ್ಯಾರಾಗ್ರಾಫ್ ಸೆಟ್ಟಿಂಗಿನಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಕಂಪೋಸರ್ ಆರಿಸಿಲ್ಲ ಎಂದರ್ಥ. ಒಂದು ಮಾತ್ರ ಮಾಡಬೇಡಿ, ಜಾಗ ತುಂಬಲಿಕ್ಕೆ ಅಕ್ಷರವನ್ನು ಅಡ್ಡಕ್ಕೆ ಎಳೆಯಬೇಡಿ. ನಿಂತ ಗೆರೆ ಊದಿಕೊಳ್ಳುತ್ತದೆ, ಮಲಗಿದ ಗೆರೆ ಇದ್ದಷ್ಟೇ ಇರುತ್ತದೆ. ಊರ ತುಂಬ ಫ್ಲೆಕ್ಸುಗಳಲ್ಲಿ ಕನ್ನಡ ಜ್ವರ ಬಂದಂತೆ ಕಾಣುವುದು ಇದೇ ಕಾರಣಕ್ಕೆ. ಪೇಂಟರ್ ಜಾಗ ತುಂಬಬೇಕಾದರೆ ಬಟ್ಟಲನ್ನು ಅಗಲ ಮಾಡುತ್ತಿದ್ದ, ಗೆರೆಯ ದಪ್ಪ ಮುಟ್ಟುತ್ತಿರಲಿಲ್ಲ.

ನಿಜವಾಗಿ ನನಗೆ ಬರಬೇಕಾದ ಮೆಸೇಜು ಬೇರೆ. "ನಮ್ಮ ಬೀದಿಯಲ್ಲಿ ಹಳೇ ಬೋರ್ಡು ಇಳಿಸ್ತಿದ್ದಾರೆ, ಏನ್ ಮಾಡ್ಲಿ?" ಇದನ್ನು ಕೇಳಿ, ರಾತ್ರಿ ಹನ್ನೆರಡಕ್ಕಾದರೂ ಉತ್ತರಿಸುತ್ತೇನೆ. ಅಲ್ಲಿಯವರೆಗೆ ಇಷ್ಟು ಮಾಡಿ.

ಇಳಿಸುವ ಮುಂಚೆ ಫೋಟೊ. ಬೋರ್ಡಿನ ನಡುಮಟ್ಟಕ್ಕೆ ಕ್ಯಾಮೆರಾ ಬರಬೇಕು, ಅಂಗಡಿಯವರಿಂದ ಸ್ಟೂಲು ಕೇಳಿ. ಫೋನಿನಲ್ಲಾದರೆ ಹಿಂದೆ ಸರಿದು 2 ಪಟ್ಟು ಜೂಮ್ ಇಟ್ಟು ತೆಗೆಯಿರಿ, ಹತ್ತಿರದಿಂದ ತೆಗೆದರೆ ಅಂಚಿನ ಅಕ್ಷರಗಳು ಬಾಗುತ್ತವೆ. ನೇರ ಬಿಸಿಲು ಬೇಡ, ಎನಾಮೆಲ್ ಹೊಳೆಯುತ್ತದೆ. ಚೌಕಟ್ಟಿನ ಪಕ್ಕ ಒಂದು ಅಡಿಪಟ್ಟಿ ಇಟ್ಟರೆ ಅಳತೆ ಉಳಿಯುತ್ತದೆ. ಆಮೇಲೆ ಸಂಜೆಯ ಓರೆ ಬೆಳಕಲ್ಲಿ ಇನ್ನೊಂದು ತೆಗೆಯಿರಿ, ಈ ಬಣ್ಣದಡಿ ಅದಕ್ಕೂ ಹಳೆಯ ಹೆಸರು ಉಬ್ಬಿದ್ದರೆ ಆಗ ಕಾಣುತ್ತದೆ.

ಮನೆಗೆ ತಂದ ಮೇಲೆ ತೊಳೆಯಬೇಡಿ. ಬೆರಳಿನಿಂದ ಮೂಲೆಯಲ್ಲಿ ಮೆಲ್ಲಗೆ ಸವರಿ. ಬೆರಳಿಗೆ ಬಣ್ಣದ ಪುಡಿ ಅಂಟಿದರೆ ಬಿಸಿಲಿಗೆ ಅಂಟಿನಂಶ ಸತ್ತು ಬರೀ ಬಣ್ಣದ ಪುಡಿ ಕೂತಿದೆ ಎಂದರ್ಥ. ಅದಕ್ಕೆ ನೀರೂ ತಾಗಬಾರದು, ಮೆತ್ತಗಿನ ಒಣ ಬ್ರಷ್ ಅಷ್ಟೇ. ಅಂಟದಿದ್ದರೆ ಹಿಂಡಿದ ಒದ್ದೆ ಹತ್ತಿಯಲ್ಲಿ ಒಂದು ಅಂಗೈಯಷ್ಟು ಜಾಗ ಒರೆಸಿ ನೋಡಿ ಮುಂದುವರಿಯಿರಿ. ಥಿನ್ನರ್, ಸೀಮೆಎಣ್ಣೆ, ಬಟ್ಟೆ ಸೋಪಿನ ಪುಡಿ ಹತ್ತಿರ ಸುಳಿಯಬಾರದು. ಹೊಳಪು ಬರಲೆಂದು ಕೊಬ್ಬರಿ ಎಣ್ಣೆ ಸವರುವವರಿದ್ದಾರೆ, ನಾಲ್ಕು ದಿನ ಚೆಂದ, ಆಮೇಲೆ ಧೂಳೆಲ್ಲ ಅದಕ್ಕೇ ಅಂಟಿ ಕೂರುತ್ತದೆ. ಪಾಲಿಶ್ ಪೇಪರ್ ಹಾಕಿ ಉಜ್ಜಲೇಬೇಡಿ. ಹಳೇ ಎನಾಮೆಲ್ಲಿನಲ್ಲಿ ಸೀಸ ಇರಬಹುದು, ಮನೆಬಳಕೆಯ, ಅಲಂಕಾರದ ಬಣ್ಣಗಳಲ್ಲಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮಿತಿ ಜಾರಿಯಾದದ್ದೇ 2017ರ ನವೆಂಬರಿನಲ್ಲಿ. ಮಕ್ಕಳಿರುವ ಮನೆಯಲ್ಲಿ ಆ ಧೂಳು ಏಳಬಾರದು.

ಕೊನೆಗೆ ಟ್ರೇಸಿಂಗ್ ಪೇಪರ್. ಟೇಪು ಚೌಕಟ್ಟಿಗೆ ಮಾತ್ರ, ಬಣ್ಣಕ್ಕೆ ಅಂಟಿಸಿದರೆ ಕೀಳುವಾಗ ಅಕ್ಷರವೇ ಎದ್ದುಬರುತ್ತದೆ. 2ಬಿ ಪೆನ್ಸಿಲಿನಲ್ಲಿ ಗೆರೆಯ ಎರಡೂ ಅಂಚು ಹಿಡಿಯಿರಿ, ಮೈಯ ಮೇಲ್ಗೆರೆ ಕೆಳಗೆರೆ ಗುರುತು ಹಾಕಿ, ಬ್ರಷ್ ಕೂಡಿದ ಜಾಗಕ್ಕೆಲ್ಲ ಒಂದೊಂದು ಚುಕ್ಕೆ ಇಡಿ. ಬಲಗಡೆ ಕೆಳಮೂಲೆಯನ್ನು ಚೆನ್ನಾಗಿ ನೋಡಿ. ಬರೆದವರು ತಮ್ಮ ಹೆಸರು ಹಾಕುವುದು ಅಲ್ಲಿ, ಅರ್ಧ ಇಂಚಿನ ಅಕ್ಷರದಲ್ಲಿ. ಕಾಣದಿದ್ದರೆ ಅಂಚಿನ ಮರದ ಪಟ್ಟಿ ಮೇಲೆ ಬಂದು ಮುಚ್ಚಿರಬಹುದು, ಮೊಳೆ ಕಿತ್ತು ಪಟ್ಟಿ ಸರಿಸಿ ನೋಡಿ.