ಪುತ್ತೂರಿನ ಸೋಲು ಮತ್ತು ಹಾಲಿ ಶಾಸಕರ ಪ್ರಶ್ನೆ

2023ರ ವಿಧಾನಸಭಾ ಚುನಾವಣೆಯ ಮತ ಎಣಿಕೆ ಮುಗಿದ ಶನಿವಾರ ಸಂಜೆ, ನಮ್ಮ ಬೂತಿನ ಬಿಜೆಪಿಯ ಹಿರಿಯ ಕಾರ್ಯಕರ್ತರೊಬ್ಬರು ಮಾರ್ಗದ ಬದಿಯಲ್ಲಿ ಸಿಕ್ಕಿ, ನಾನು ಮಾತು ತೆಗೆಯುವ ಮೊದಲೇ, "ನಮ್ಮತ್ರ ಒಬ್ಬರಾದರೂ ಒಂದು ಮಾತು ಕೇಳಿದ್ದಾರಾ ಮಾರಾಯರೇ?" ಎಂದರು. ಅಂದಿನಿಂದ ಆ ಪ್ರಶ್ನೆ ನನ್ನ ಕಿವಿಯಲ್ಲೇ ಇದೆ.

ದಕ್ಷಿಣ ಕನ್ನಡದ ಪುತ್ತೂರಿನಲ್ಲಿ ಆಗಿನ ಶಾಸಕ ಸಂಜೀವ ಮಠಂದೂರು ಅವರನ್ನು ಕೈಬಿಟ್ಟು ಆಶಾ ತಿಮ್ಮಪ್ಪ ಗೌಡರಿಗೆ ಬಿಜೆಪಿ ಟಿಕೆಟ್ ನೀಡಿತು. ಬಿಜೆಪಿ ಟಿಕೆಟ್ ಸಿಗದ ಅರುಣ್ ಕುಮಾರ್ ಪುತ್ತಿಲ ಬಂಡಾಯವೆದ್ದು ಪಕ್ಷೇತರರಾಗಿ ನಿಂತರು. ಕಾಂಗ್ರೆಸ್ಸಿನ ಅಶೋಕ್ ಕುಮಾರ್ ರೈ 4,149 ಮತಗಳ ಅಂತರದಿಂದ ಗೆದ್ದರು, ಪುತ್ತಿಲರು ಎರಡನೆಯವರಾದರು, ಪುತ್ತೂರಿನಂಥ ಪುತ್ತೂರಿನಲ್ಲಿ ಬಿಜೆಪಿ ಮೂರನೆಯ ಸ್ಥಾನಕ್ಕೆ ಇಳಿಯಿತು. ಮಠಂದೂರರನ್ನೇ ಮುಂದುವರಿಸಿದ್ದರೆ ಗೆಲುವು ಖಚಿತವಿತ್ತು ಎಂದು ಹಲವರು ಹೇಳುತ್ತಿದ್ದರು. ನಾನು ಅದನ್ನು ಒಪ್ಪಲಾರೆ. ಆಗಲೂ ಬಂಡಾಯ ಏಳುತ್ತಿರಲಿಲ್ಲ ಎನ್ನಲು ಯಾವ ಆಧಾರವೂ ಇಲ್ಲ.

ಪಕ್ಕದ ಸುಳ್ಯದಲ್ಲಿ ಆರು ಬಾರಿ ಗೆದ್ದಿದ್ದ ಎಸ್. ಅಂಗಾರರ ಬದಲು ನಿಂತ ಭಾಗೀರಥಿ ಮುರುಳ್ಯ ಗೆದ್ದರು. ಉಡುಪಿ ಜಿಲ್ಲೆಯ ಐದು ಕ್ಷೇತ್ರಗಳ ಪೈಕಿ ನಾಲ್ಕರಲ್ಲಿ ಹೊಸಬರನ್ನು ನಿಲ್ಲಿಸಿ ಐದನ್ನೂ ಪಕ್ಷ ಉಳಿಸಿಕೊಂಡಿತು. ಟಿಕೆಟ್ ತಪ್ಪಿದ್ದು ತನಗೆ ಟಿವಿ ನೋಡಿ ತಿಳಿಯಿತೆಂದು ನೊಂದು ನುಡಿದ ಉಡುಪಿಯ ಆಗಿನ ಶಾಸಕ ರಘುಪತಿ ಭಟ್ಟರು ಅನಂತರ ತಮ್ಮ ಬದಲು ನಿಂತ ಯಶಪಾಲ್ ಸುವರ್ಣರ ಪರವಾಗಿ ಪ್ರಚಾರಕ್ಕಿಳಿದರು. ಅದು ಅವರ ದೊಡ್ಡತನ. ಅವರನ್ನು ಹಾಗೆ ನಡೆಸಿಕೊಂಡವರಿಗೆ ಅದರ ಶ್ರೇಯಸ್ಸು ಸಲ್ಲದು.

ಪುತ್ತೂರಿಗೆ ಈ ನೋವು ಹೊಸದೂ ಅಲ್ಲ. 2004ರಲ್ಲಿ ಬಿಜೆಪಿಯಿಂದ ಗೆದ್ದ ಶಕುಂತಲಾ ಶೆಟ್ಟಿಯವರಿಗೆ 2008ರಲ್ಲಿ ಟಿಕೆಟ್ ತಪ್ಪಿತು. ಅವರು ಬಂಡಾಯವೆದ್ದರೂ ಬಿಜೆಪಿಯ ಮಲ್ಲಿಕಾ ಪ್ರಸಾದ್ ಗೆದ್ದರು. 2013ರಲ್ಲಿ ಮಲ್ಲಿಕಾ ಅವರನ್ನೂ ಬದಲಾಯಿಸಿ ಮಠಂದೂರರನ್ನು ನಿಲ್ಲಿಸಿದಾಗ, ಕಾಂಗ್ರೆಸ್ ಸೇರಿದ್ದ ಅದೇ ಶಕುಂತಲಾ ಶೆಟ್ಟಿಯವರು ಗೆದ್ದರು.

ಕ್ಷೇತ್ರ ಯಾವ ಶಾಸಕರ ಸ್ವಂತ ಸೊತ್ತೂ ಅಲ್ಲವೆಂದು ನಾನು ನಂಬಿದ್ದೇನೆ. ಐದು ವರ್ಷದ ಕೆಲಸ ತೃಪ್ತಿಕರವಲ್ಲದಿದ್ದರೆ ಬದಲಾಯಿಸಲೇಬೇಕು. ಆದರೆ ಏಕೆ ಬದಲಾಯಿಸಿದೆವು ಎಂಬುದನ್ನು ಮನೆಮನೆಗೆ ಹೋಗಿ ಹೇಳಬೇಕಾದವರು ಬೂತಿನ ಕಾರ್ಯಕರ್ತರು. ಏಪ್ರಿಲ್ 11ರ ರಾತ್ರಿ ಅಭ್ಯರ್ಥಿಗಳ ಪಟ್ಟಿ ಬಂತು, ಮೇ 10ಕ್ಕೆ ಮತದಾನ. ಅಷ್ಟರೊಳಗೆ ಆ ಹಿರಿಯರು ನೂರಾರು ಅಂಗಳಗಳಲ್ಲಿ ನಿಂತು, "ಹಿಂದಿನವರು ಏನು ತಪ್ಪು ಮಾಡಿದ್ದರು?" ಎಂದು ಕೇಳಿದವರಿಗೆ ಉತ್ತರ ಹೇಳಬೇಕಿತ್ತು, ಅವರಿಗೇ ಉತ್ತರ ಗೊತ್ತಿರಲಿಲ್ಲ. ಪದಾಧಿಕಾರಿಗಳಿಂದ ಅಭಿಪ್ರಾಯ ಸಂಗ್ರಹಿಸಿದ್ದು ನಿಜ, ಆದರೆ ಅದಕ್ಕೆ ಎಷ್ಟು ಬೆಲೆ ಸಿಕ್ಕಿತೆಂಬುದು ನಮ್ಮ ಬೂತಿನವರೆಗೆ ಬರಲೇ ಇಲ್ಲ. "ನಮ್ಮತ್ರ ಒಬ್ಬರಾದರೂ" ಎಂಬ ಮಾತಿನಲ್ಲಿ ಮಠಂದೂರರ ಮೇಲಿನ ಅಭಿಮಾನಕ್ಕಿಂತ ಹೆಚ್ಚಾಗಿ, ದುಡಿದವನನ್ನು ಲೆಕ್ಕಕ್ಕೇ ಹಿಡಿಯಲಿಲ್ಲವೆಂಬ ಅವಮಾನವಿತ್ತು. ಇಂಥವರನ್ನು ಕಳೆದುಕೊಂಡ ಪಕ್ಷಕ್ಕೆ ಎಂಥ ಅಭ್ಯರ್ಥಿಯೂ ನೆರವಾಗಲಾರ.

ಮುಂದಿನ ಲೋಕಸಭಾ ಚುನಾವಣೆ ಬಂದಾಗ ಹಾಲಿ ಸಂಸದರ ಬಗೆಗೂ ಇದೇ ಚರ್ಚೆ ಏಳಲಿದೆ. ಉಳಿಸಿಕೊಳ್ಳುವುದಾದರೂ ಬದಲಾಯಿಸುವುದಾದರೂ ಆ ಮಾತುಕತೆಯನ್ನು ದೆಹಲಿಯಿಂದ ಪಟ್ಟಿ ಬರುವ ರಾತ್ರಿಯವರೆಗೆ ಮುಂದೂಡದೆ, ಬಹಳ ಮೊದಲೇ ಬೂತು ಬೂತುಗಳಲ್ಲಿ ಕುಳಿತು ಆರಂಭಿಸಬೇಕು.