ತಲೆ ತುಂಬ 1786

ಈ ವಾರವೆಲ್ಲ ರಾತ್ರಿ ಊಟ ಆದಮೇಲೆ ಕವಿ ರಾಬರ್ಟ್ ಬರ್ನ್ಸ್‌ನ ಪದ್ಯ ಓದುತ್ತಿದ್ದೇನೆ. 1786ರಲ್ಲಿ ಅವನಿಗೆ 27 ವರ್ಷ. ಸ್ಕಾಟ್ಲೆಂಡಿನಲ್ಲಿ ಗೇಣಿ ಜಮೀನು ಉಳುತ್ತಿದ್ದ, ಫಸಲು ಸರಿಯಾಗಿ ಕೈಗೆ ಬರುತ್ತಿರಲಿಲ್ಲ. ಅವನು ಪ್ರೀತಿಸಿದ್ದ ಜೀನ್ ಬಸುರಿ, ಅವಳ ಅಪ್ಪ ಇವನನ್ನು ಅಳಿಯ ಅಂತ ಒಪ್ಪಲಿಲ್ಲ. ಎಲ್ಲಾ ಬಿಟ್ಟು ಜಮೈಕಾಗೆ ಹೋಗೋಣ ಅಂತ ಹೊರಟಿದ್ದ, ಅದೂ ಗುಲಾಮರನ್ನು ದುಡಿಸುವ ತೋಟದ ಕೆಲಸಕ್ಕೆ! ಇಷ್ಟು ಮೃದು ಮನಸ್ಸಿನವನು ಅದಕ್ಕೆ ಹೇಗೆ ಒಪ್ಪಿದ ಅಂತ ನನಗೆ ಇನ್ನೂ ನೋವಾಗುತ್ತದೆ.

ಜುಲೈ 31ಕ್ಕೆ ಕಿಲ್ಮಾರ್ನಾಕ್ ಎಂಬ ಊರಲ್ಲಿ ಅವನ ಮೊದಲ ಪುಸ್ತಕ ಬಂತು. 612 ಪ್ರತಿ, ಬೆಲೆ 3 ಶಿಲ್ಲಿಂಗ್. ಸುಮಾರು ಒಂದೇ ತಿಂಗಳಲ್ಲಿ ಖರ್ಚಾಯಿತು. ಹಡಗು ಹತ್ತಬೇಕಿದ್ದವನು ನವೆಂಬರಿನಲ್ಲಿ ರಾಜಧಾನಿ ಎಡಿನ್‌ಬರಾಗೆ ಹೋದ.

ಆ ಪುಸ್ತಕದಲ್ಲೇ ಇಲಿಯ ಪದ್ಯ ಇರೋದು. ಉಳುವಾಗ ನೇಗಿಲು ತಾಗಿ ಇಲಿಯ ಗೂಡು ಕಿತ್ತುಹೋಗುತ್ತದೆ, ಚಳಿಗಾಲ ಎದುರಿಗೇ ಇದೆ, ಇವನು ಅಲ್ಲೇ ನಿಂತು ಅದರ ಹತ್ತಿರ ಮಾತಾಡುತ್ತಾನೆ, ನಾನೂ ನಿನ್ನ ಹಾಗೇ ಸಾಯುವ ಜೀವ ಅಂತ. ತನ್ನ ಮನೆಯೇ ನಿಲ್ಲದಿರುವಾಗ ಇಲಿಯ ಮನೆಗೆ ಮರುಗಿದ್ದಾನೆ, ಅಲ್ವಾ? ನಿನ್ನೆ ಅದನ್ನು ಮೂರು ಸಲ ಓದಿದೆ. ಇವತ್ತೂ ಓದುತ್ತೇನೆ.